ದವಾಖಾನೆಯ ಹಿಂದಿನ ಒಲೆ

ಮಾನ್ವಿಯ ಮುನವ್ವರ್ ಬೀ ಮಾಂಸ ತಿನ್ನುತ್ತಿರಲಿಲ್ಲ. ಹರಕೆಯಲ್ಲ, ಕಾಯಿಲೆಯಲ್ಲ. ಬೇಯುವ ಮಾಂಸದ ವಾಸನೆ ಮೂಗಿಗೆ ಬಡಿದರೆ ಚಿಕ್ಕಂದಿನಿಂದಲೂ ಅವಳಿಗೆ ಹೊಟ್ಟೆ ತೊಳೆಸುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಒಂದೆರಡು ಸಲ ಗದರಿಸಿ, ಆಮೇಲೆ ಸೋತು, ಆ ಅಡುಗೆಯನ್ನು ತಾನೇ ಮಾಡತೊಡಗಿದಳು. ಓರಗಿತ್ತಿಯರು "ನಮ್ಮನಿ ಐನೋರಮ್ಮ" ಎಂದು ನಗುತ್ತಿದ್ದರು. ಮುನವ್ವರ್ ತನ್ನ ಪಾಡಿಗೆ ಜೋಳದ ರೊಟ್ಟಿ, ಪುಂಡಿ ಪಲ್ಯ ತಿಂದು ಎದ್ದು ಹೋಗುತ್ತಿದ್ದಳು. ಮನೆಯಲ್ಲಿ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ತೊಂದರೆ ಶುರುವಾದದ್ದು ಎಪ್ಪತ್ತೆಂಟರ ಚಳಿಗಾಲದಲ್ಲಿ. ಅವಳ ಗಂಡ ಖಾಜಾ ಹಮಾಲಿ ಮಾಡುತ್ತಿದ್ದ. ಲಾರಿಯಿಂದ ಹತ್ತಿ ತುಂಬಿದ ಅಂಡಿಗೆ ಇಳಿಸುವಾಗ ಒಂದು ಜಾರಿ ಅವನ ತೊಡೆಯ ಮೇಲೆ ಬಿದ್ದು ಎಲುಬು ಮುರಿಯಿತು. ರಾಯಚೂರಿನ ದೊಡ್ಡ ದವಾಖಾನೆಯಲ್ಲಿ ಕಾಲಿಗೆ ಭಾರ ಕಟ್ಟಿ ಮಲಗಿಸಿ, ತಿಂಗಳ ಮೇಲೆ ಹಿಡಿಯುತ್ತದೆ ಎಂದರು. ರೋಗಿಗೆ ಅಲ್ಲೇ ಊಟ ಸಿಗುತ್ತಿತ್ತು. ಜೊತೆಗಿದ್ದವರು ಹೊರಗೆ ನೋಡಿಕೊಳ್ಳಬೇಕು. ಮನೆಯಿಂದ ಕಟ್ಟಿಕೊಂಡು ಬಂದ ಕಟಕು ರೊಟ್ಟಿ ಮುಗಿಯುತ್ತಲೇ ಮುನವ್ವರ್ ಬುರ್ಖಾ ಹಾಕಿಕೊಂಡು ಊಟ ಹುಡುಕಿಕೊಂಡು ಪೇಟೆಗೆ ಹೊರಟಳು. ಅದಕ್ಕೂ ಮೊದಲು ಅವಳು ಯಾವ ಹೋಟೆಲಿನ ಮೆಟ್ಟಿಲನ್ನೂ ತುಳಿದವಳಲ್ಲ.

ಮೊದಲು ಹೋದದ್ದು ತಮ್ಮವರದೇ ಒಂದು ಹೋಟೆಲಿಗೆ. ಅಗ್ಗದ ಜಾಗ, ಗುರುತಿನ ಮಾತು. "ಬರೇ ದಾಲ್ ಚಾವಲ್ ಸಿಗ್ತದೇನ್ರಿ?" ಎಂದು ಕೇಳಿದಳು. ಸಿಗ್ತದಮ್ಮಾ ಎಂದರು. ತಟ್ಟೆ ಬಂತು. ಬೇಳೆಯ ಮೇಲೆ ಹಳದಿ ಜಿಡ್ಡು ತೇಲುತ್ತಿತ್ತು. ಹಸಿದಿದ್ದಳು, ಕಲಸಿ ಬಾಯಿಗಿಟ್ಟಳು. ಎರಡನೇ ತುತ್ತಿನಲ್ಲಿ ಹಲ್ಲಿಗೆ ಮೆತ್ತಗೆ ನಾರಿನಂಥದ್ದೇನೋ ಸಿಕ್ಕಿತು. ಅದೇನೆಂದು ನಾಲಿಗೆಗೆ ತಿಳಿಯುವ ಮೊದಲೇ ಹೊಟ್ಟೆಗೆ ತಿಳಿದಿತ್ತು. ಬೀದಿಗೆ ಓಡಿ ಚರಂಡಿಯ ಅಂಚಿನಲ್ಲಿ ಕೂತು ಕಾರಿಕೊಂಡಳು. ಹೋಟೆಲಿನವನು ನೀರು ತಂದುಕೊಟ್ಟು, "ಸೌಟು ಒಂದೇ ಅದಮ್ಮಾ, ಒಂದು ತುಣುಕು ಬಂದ್ರ ಏನ್ ಮಾಡೂದು" ಎಂದ. ಪಾಪ, ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಮರುದಿನ ಶುದ್ಧ ಸಸ್ಯಾಹಾರಿ ಎಂದು ಬೋರ್ಡು ಹಾಕಿದ್ದ ಹೋಟೆಲಿಗೆ ಹೋದಳು. ಗಲ್ಲೆಯ ಮೇಲೆ ಕೂತಿದ್ದ ಮಾಲೀಕ ಅವಳ ಬುರ್ಖಾ ನೋಡಿ, "ಇಲ್ಲಿ ಬರೇ ಕಾಯಿಪಲ್ಲೆ ಊಟ ನೋಡವ್ವಾ" ಎಂದ.

"ಅದಕ್ಕಾ ಬಂದೀನ್ರಿ," ಎಂದಳು.

ಅವನು ನಂಬಲಿಲ್ಲ. ಆದರೂ ಒಳಗಿನ ಪರದೆಯ ಕೋಣೆಗೆ ಕೈ ತೋರಿಸಿದ. ಬಂದವರೆಲ್ಲ ಕೈ ಒರೆಸಿ ಒರೆಸಿ ಆ ಪರದೆ ಸೆಟೆದುಕೊಂಡು ನಿಂತಿತ್ತು. ಸಪ್ಲಾಯರ್ ಮೇಜು ಒರೆಸಿದ ಅರಿವೆಯಿಂದಲೇ ತಾಟನ್ನೂ ಒರೆಸಿ ಅನ್ನ ಬಡಿಸಿದ. ಸಾರಿನ ಬಟ್ಟಲಲ್ಲಿ ಒಂದು ಜಿರಲೆ ಅಂಗಾತ ಬಿದ್ದು ಕಾಲಾಡಿಸುತ್ತಿತ್ತು. ತೋರಿಸಿದಳು. ಅವನು ಎರಡು ಬೆರಳಿನಿಂದ ಅದನ್ನೆತ್ತಿ ನೆಲಕ್ಕೊಗೆದು, "ಹೋತ್ರಿ, ಉಣ್ರಿ" ಎಂದು ಬಟ್ಟಲನ್ನು ಅವಳ ಮುಂದಕ್ಕೆ ತಳ್ಳಿದ. ಮುನವ್ವರ್ ಸಾರು ಬಿಟ್ಟು, ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಕಣ್ಣು ಮುಚ್ಚಿ ನುಂಗತೊಡಗಿದಳು. ಆಗ ಪರದೆಯಾಚೆಯಿಂದ ಮಾಲೀಕನ ದನಿ ಕೇಳಿತು. "ಆಕಿ ಉಂಡ ತಾಟು ಬ್ಯಾರೆ ಇಡಲೇ. ನಮ್ಮ ತಾಟಿನಾಗ ಕೂಡಿಸಬ್ಯಾಡ."

ಬಾಯಲ್ಲಿದ್ದ ತುತ್ತನ್ನು ಅವಳು ತಾಟಿಗೇ ಉಗಿದಳು. ದುಡ್ಡು ಮೇಜಿನ ಮೇಲಿಟ್ಟು ಹೊರಗೆ ಬಂದಳು. ಒಂದು ಹೋಟೆಲಿನ ಹೊಲಸು ಹೊಟ್ಟೆಯಿಂದ ಹೊರಗೆ ಬಂದಿತ್ತು. ಇದು ಬರಲಿಲ್ಲ, ಎದೆಯಲ್ಲೇ ಕೂತಿತು. ಆವತ್ತಿನಿಂದ ಬಾಳೆಹಣ್ಣು, ಬನ್ನು ತಿಂದು ದಿನ ತಳ್ಳಿದಳು.

ಆ ವಾರ್ಡಿನಲ್ಲಿ ಕಸ ಗುಡಿಸಿ, ಎದ್ದು ಹೋಗಲಾರದ ರೋಗಿಗಳ ಮಲದ ಪಾತ್ರೆ ಎತ್ತುತ್ತಿದ್ದವಳು ಅರಕೇರಾದ ಬೂದೆಮ್ಮ. ಐವತ್ತು ದಾಟಿದ ಹೆಂಗಸು. ಮುನವ್ವರ್ ಬಡಕಲಾಗುತ್ತಿದ್ದುದನ್ನು ಅವಳೇ ಮೊದಲು ಗಮನಿಸಿದ್ದು.

"ಬರೇ ಬಾಳಿಹಣ್ಣಿನ ಮ್ಯಾಲ ಎಷ್ಟು ದಿನ ಇರ್ತಿ ಬೇ?" ಎಂದು ಕೇಳಿ, ಮರುದಿನ ಮಧ್ಯಾಹ್ನ ಅರಿವೆಯಲ್ಲಿ ಸುತ್ತಿದ ಬಿಸಿ ರೊಟ್ಟಿ, ಪುಂಡಿ ಪಲ್ಯ ತಂದುಕೊಟ್ಟಳು. ಮುನವ್ವರ್ ಆ ಕೈಗಳನ್ನು ನೋಡಿದಳು. ಬೆಳಿಗ್ಗೆ ಖಾಜಾನ ಪಾತ್ರೆ ಎತ್ತಿದ ಕೈಗಳು ಅವು. "ಆಮ್ಯಾಲ ಉಣ್ತೀನಿ ಯವ್ವಾ" ಎಂದು ಇಸಿದುಕೊಂಡಳು. ಬೂದೆಮ್ಮ ಆಚೆ ಹೋಗುತ್ತಲೇ ಗಂಟನ್ನು ವಾರ್ಡಿನ ಹಿಂದಕ್ಕೊಯ್ದು ನಾಯಿಯ ಮುಂದೆ ಬಿಚ್ಚಿದಳು. ತಿರುಗಿದರೆ ನಳದ ಹತ್ತಿರ ಬಕೆಟ್ ಹಿಡಿದು ಬೂದೆಮ್ಮ ನಿಂತಿದ್ದಳು. ಬಕೆಟ್ ತುಂಬಿಸಿಕೊಂಡು ಹೋದಳು.

ಆಮೇಲೆ ಬೂದೆಮ್ಮ ಖಾಜಾನ ಕೆಲಸವನ್ನು ಮೊದಲಿನಷ್ಟೇ ಹಗುರ ಕೈಯಿಂದ ಮಾಡಿದಳು. ಮುನವ್ವರ್‌ಳ ಕಡೆ ಮಾತ್ರ ತಿರುಗಲಿಲ್ಲ. ಯಾಕೆಂದು ಖಾಜಾ ಕೇಳಿದ. ಹೆಂಡತಿ ಹೇಳಿದಳು. ಅವನು, "ಆ ಹೋಟೆಲಿನಾಂವ ನಿನ್ನ ತಾಟು ಬ್ಯಾರೆ ಇಟ್ಟ ಅಂತ ನನ್ನ ಮುಂದ ಅತ್ತಿ. ನೀ ಏನು ಮಾಡಿದಿ?" ಎಂದ.

ಮುನವ್ವರ್ ನಳದ ಹತ್ತಿರ ಹೋದಳು. "ತಪ್ಪಾತು ಯವ್ವಾ."

ಬೂದೆಮ್ಮ ಪಾತ್ರೆ ತಿಕ್ಕುವುದನ್ನು ಮುಗಿಸಿ, ಮೊಳಕೈವರೆಗೂ ಕೆಂಪು ಸಾಬೂನು ಹಚ್ಚಿ ತೊಳೆದು, ಅಂಗೈಯನ್ನು ಅವಳ ಮೂಗಿನ ಹತ್ತಿರ ಹಿಡಿದಳು. "ಮೂಸಿ ನೋಡು."

ಬೇಡವೆಂದುಕೊಂಡರೂ ಮುನವ್ವರ್‌ಳ ತಲೆ ಒಂದಿಷ್ಟು ಹಿಂದಕ್ಕೆ ಸರಿಯಿತು.

"ನೋಡಿದೇನು, ತಪ್ಪಾತು ಅಂದ್ರ ಹೇಸಿಗಿ ಹೋಗೂದಿಲ್ಲ," ಎಂದಳು ಬೂದೆಮ್ಮ. "ನನಗೂ ಬರ್ತದ ಬೇ. ಇಷ್ಟು ವರ್ಷ ಆತು, ಇನ್ನೂ ದಿನಾ ಬರ್ತದ. ನಾ ಯಾರ ಮುಂದ ಹೇಳ್ಲಿ? ಹಿಂದ ನನ್ನ ಮನಿ ಅದ. ಒಲಿ ಅದ, ಹಿಟ್ಟು ಅದ. ನೀನೇ ಬಂದು ರೊಟ್ಟಿ ಬಡಕೋ."

ದವಾಖಾನೆಯ ಕಾಂಪೌಂಡಿನ ಹಿಂದೆ ಒಂದೇ ಕೋಣೆಯ ಮನೆ ಅದು. ಮುನವ್ವರ್ ದಿನಾ ಹೋಗಿ ಇಬ್ಬರಿಗೂ ರೊಟ್ಟಿ ಬಡಿದಳು. ಮೊದಮೊದಲು ಹಿಟ್ಟು ನಾದುವ ಕೊಣಮಿಗೆಯನ್ನು ತನ್ನ ಕಡೆಗೇ ಎಳೆದುಕೊಂಡು ಕೂರುತ್ತಿದ್ದಳು. ಅದು ಗೊತ್ತಾಗಿಯೂ ಬೂದೆಮ್ಮ ದೂರದಲ್ಲಿ ಕೂತು ತನ್ನೂರಿನ ಸುದ್ದಿ ಹೇಳುತ್ತಿದ್ದಳು. ಒಂದು ದಿನ ಹೊತ್ತಾಗಿತ್ತೆಂದು ಬೂದೆಮ್ಮ ತಾನೇ ಪುಂಡಿ ಸೊಪ್ಪು ಬಿಡಿಸಿ ಒಗ್ಗರಣೆ ಹಾಕಿಬಿಟ್ಟಳು. ಮುನವ್ವರ್ ನೆಲ ನೋಡುತ್ತ ಉಂಡಳು. ತುತ್ತಿಗೊಮ್ಮೆ ನೀರು ಕುಡಿದು ಇಳಿಸಿದಳು. ಮರುದಿನ ನೀರು ಬೇಕಾಗಲಿಲ್ಲ.

ಖಾಜಾ ಕುಂಟುತ್ತ ಮಾನ್ವಿಗೆ ಮರಳಿದ. ಅಂಡಿಗೆ ಹೊರುವುದು ಅವನಿಂದ ಮತ್ತೆ ಆಗಲಿಲ್ಲ. ಸಂತೆಯಲ್ಲಿ ಉಳ್ಳಾಗಡ್ಡಿ ಮಾರತೊಡಗಿದ. ಮುನವ್ವರ್ ಯಾವ ಊರಿಗೆ ಹೋದರೂ ಹೋಟೆಲು ಕಂಡರೆ ಬೀದಿಯ ಆಚೆ ಮಗ್ಗುಲಿಗೆ ದಾಟುತ್ತಿದ್ದಳು.

ಎರಡು ವರ್ಷದ ಮೇಲೆ ನೀರಮಾನ್ವಿ ಎಲ್ಲಮ್ಮನ ಜಾತ್ರೆಗೆ ಬಂದ ಬೂದೆಮ್ಮ ಹಾಗೇ ಮಾನ್ವಿಗೂ ಬಂದಳು. ಮುನವ್ವರ್ ಓಡಾಡಿ ರೊಟ್ಟಿ, ಬದನೆಕಾಯಿ ಪಲ್ಯ ಮಾಡಿಟ್ಟಳು. ಬೂದೆಮ್ಮ ತಾಟು ನೋಡಿದಳು.

"ಇದನ್ನ ರಾಯಚೂರಾಗ ಉಂಡೀನಿ. ಸಾಬರ ಮನಿಗೆ ಬಂದು ಖಂಡ ಉಣ್ಣದ ಹೋಗ್ಲೇನು?"

ಅತ್ತೆ ನಗುತ್ತ ಎದ್ದು ಮಾಂಸ ಬೇಯಿಸಿದಳು. ಆದರೆ ಬಡಿಸಲು ಮುನವ್ವರ್ ಬೇರೆ ಯಾರಿಗೂ ಬಿಡಲಿಲ್ಲ. ಸೆರಗನ್ನು ಮೂಗಿಗೆ ಬಿಗಿಯಾಗಿ ಹಿಡಿದು, ಮುಖ ಅತ್ತ ತಿರುಗಿಸಿ ಬಡಿಸಿದಳು. ಬೂದೆಮ್ಮ ಎಲುಬನ್ನು ಸದ್ದು ಮಾಡಿ ಚೀಪುವಾಗ ಮುನವ್ವರ್ ಸೆರಗನ್ನು ಇನ್ನಷ್ಟು ಒತ್ತಿ ಹಿಡಿದಳು. ಕದಲದೆ ಅಲ್ಲೇ ನಿಂತು, "ಇನ್ನೊಂದೀಟು ಹಾಕ್ಲಿ ಯವ್ವಾ?" ಎಂದು ಕೇಳಿದಳು.

"ಹಾಕು," ಎಂದಳು ಬೂದೆಮ್ಮ.