ಎರಡೂ ಕಾಲು ನೆಲಕ್ಕೆ ಸಿಗಬೇಕು

ನನ್ನ ಮೊಣಕಾಲು ನೋಯತೊಡಗಿದಾಗ ಅದರ ಕಾರಣ ಗೊತ್ತಿಲ್ಲದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಅತ್ತೆಯವರಿಗೆ ಅದು ವಾಯು. ಆಲೂಗಡ್ಡೆ, ಅವರೆಕಾಳು ಎರಡೂ ನನ್ನ ತಟ್ಟೆಯಿಂದ ಗಡೀಪಾರಾದವು. ಯಜಮಾನರಿಗೆ ಅದು ತೂಕ. ಹಾಗಂತ ಬಾಯಿಬಿಟ್ಟು ಹೇಳುವಷ್ಟು ಧೈರ್ಯ ಅವರಿಗಿಲ್ಲ. ಮಂಚದ ಕೆಳಗಿದ್ದ ತೂಕದ ಯಂತ್ರವನ್ನು ತಂದು ಬಚ್ಚಲಮನೆ ಬಾಗಿಲಲ್ಲಿ ಇಟ್ಟರು, ಅಷ್ಟೇ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಅದು ವಿಟಮಿನ್ ಕೊರತೆ. ಕಾರಣ ಏನೇ ಇರಲಿ, ಎಲ್ಲರ ತೀರ್ಪು ಮಾತ್ರ ಒಂದೇ ಆಗಿತ್ತು: ಈ ವಯಸ್ಸಿಗೆ ಸೈಕಲ್ ಬೇಡ.

ನನಗೆ ಮೈ ಉರಿದದ್ದು ಅದಕ್ಕೇ. ಬ್ರೂಕ್‌ಫೀಲ್ಡಿನ ನಮ್ಮ ಮನೆಗೂ ನನ್ನ ಆಫೀಸಿಗೂ ಅಂಥ ದೂರವೇನಿಲ್ಲ. ಆದರೆ ಆಫೀಸಿನ ಕ್ಯಾಬು ಊರೆಲ್ಲ ಸುತ್ತಿ, ಕಂಡ ಕಂಡ ಗೇಟಿನ ಮುಂದೆ ನಿಂತು, ಕೊನೆಗೆ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡು ನನ್ನನ್ನು ಮನೆಗೆ ತಂದು ಬಿಸಾಡುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಸೈಕಲ್ ಬಂದ ಮೇಲೆ ಬೆಳಕಿರುವಾಗಲೇ ಮನೆ ಸೇರುತ್ತಿದ್ದೆ. ಬಾಲ್ಕನಿಯಲ್ಲಿ ಒಬ್ಬಳೇ ಕೂತು ಬಿಸಿ ಬಿಸಿ ಚಹಾ ಕುಡಿಯುತ್ತಿದ್ದೆ. ಮದುವೆಯಾದ ಮೇಲೆ ಮೊದಲ ಸಲ ಸಂಜೆ ಅನ್ನುವುದು ನನ್ನ ಪಾಲಿಗೆ ಬಂದದ್ದು ಆಗಲೇ. ಸೈಕಲ್ ಬಿಟ್ಟರೆ ಅದೂ ಹೋಯಿತು, ಮತ್ತೆ ಕ್ಯಾಬೇ ಗತಿ. ಬಿಡುತ್ತೇನೆಯೇ!

ಯಜಮಾನರ ಬಗ್ಗೆ ಒಂದು ಮಾತು ಹೇಳಬೇಕು. ವೈಟ್‌ಫೀಲ್ಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಅವರು ಸೇಫ್ಟಿ ಆಫೀಸರು. ಕಾರ್ಖಾನೆಯಲ್ಲಿ ಅವರ ಮಾತು ಎಷ್ಟು ಜನ ಕೇಳುತ್ತಾರೋ ಗೊತ್ತಿಲ್ಲ, ಮನೆಯಲ್ಲಂತೂ ನಮ್ಮನ್ನು ಕಾಪಾಡದೆ ಬಿಡುವುದಿಲ್ಲ. ಬಚ್ಚಲಿಗೆ ಇಳಿಯುವ ಮೆಟ್ಟಿಲಿಗೆ ಅಪಾಯ ಸೂಚಿಸುವ ಹಳದಿ ಕಪ್ಪು ಪಟ್ಟಿ ಅಂಟಿಸಿದ್ದಾರೆ. ಸೈಕಲ್ ಬಂದ ದಿನವೂ ಹಾಗೆಯೇ. ನಾನಿನ್ನೂ ಅದಕ್ಕೆ ಕುಂಕುಮ ಇಡುತ್ತಿದ್ದೆ, ಇವರು ಸೀಟನ್ನು ಪೂರ್ತಿ ಕೆಳಕ್ಕೆ ಇಳಿಸಿ ನನ್ನನ್ನು ಕೂರಿಸಿ, ಕುಕ್ಕರಗಾಲಲ್ಲಿ ಕೂತು ನನ್ನ ಹಿಮ್ಮಡಿ ಪರೀಕ್ಷೆ ಮಾಡಿದರು.

"ಎರಡೂ ಕಾಲು ನೆಲಕ್ಕೆ ಸಿಗ್ಬೇಕು. ಪೂರ್ತಿ ಪಾದ. ಇಲ್ಲಾಂದ್ರೆ ಸಿಗ್ನಲ್ಲಲ್ಲಿ ಬಿದ್ಬಿಡ್ತೀಯ."

ಇದು ಅವರೊಬ್ಬರ ಶಾಸ್ತ್ರವಲ್ಲ. ನಮ್ಮ ಕಡೆ ಸ್ಕೂಟರ್ ಕೊಳ್ಳುವವರೂ ಮೊದಲು ನೋಡುವುದು ಇದನ್ನೇ. ಹಾಗಾಗಿ ನಾನೂ ಸರಿ ಅಂದೆ. ತುಳಿಯುವಾಗ ಮೊಣಕಾಲು ಗದ್ದಕ್ಕೆ ಬರುವುದೊಂದು ಬಾಕಿ. ಸೈಕಲ್ ಅಂದರೆ ಹೀಗೇ ಇರಬೇಕು ಅಂದುಕೊಂಡೆ.

ನೋವು ಜಾಸ್ತಿಯಾಗಿ, ಕೊನೆಗೆ ಮೂಳೆ ಡಾಕ್ಟರ ಹತ್ತಿರ ಹೋದೆ. ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯ ಮಾತು. ಮೊಣಕಾಲ ಚಿಪ್ಪಿನ ಮುಂಭಾಗವನ್ನು ಒತ್ತಿ ನೋಡಿ ಕೇಳಿದರು.

"ಬೈಕ್ ಓಡಿಸ್ತೀರಾ ಮೇಡಂ?"

"ಅಯ್ಯೋ, ಇಲ್ಲಪ್ಪ! ನಂಗೆ ಬೈಕ್ ಮುಟ್ಟೋಕೂ ಬರಲ್ಲ," ಅಂದೆ, ಹೆಮ್ಮೆಯಿಂದಲೇ.

ಸರಿ, ಮೆಟ್ಟಿಲು ಕಮ್ಮಿ ಮಾಡಿ, ನೆಲದ ಮೇಲೆ ಕೂರಬೇಡಿ, ಸ್ವಲ್ಪ ವ್ಯಾಯಾಮ ಇರಲಿ ಅಂದರು. ನಾನು ವಿಧೇಯ ರೋಗಿ. ಲಿಫ್ಟಿಗೆ ಕಾದೆ. ಇಷ್ಟಲಿಂಗ ಪೂಜೆಗೆ ಕುರ್ಚಿ ಹಾಕಿಕೊಂಡೆ. "ಕುರ್ಚಿ ಮ್ಯಾಲೆ ಕುಂತು ಲಿಂಗಪೂಜೆ ಮಾಡೋಕೆ ಇದೇನು ನಿಮ್ಮ ಆಫೀಸಾ?" ಅಂತ ಅತ್ತೆಯವರು ಗೊಣಗಿದ್ದನ್ನೂ ನುಂಗಿಕೊಂಡೆ. ಇನ್ನು ವ್ಯಾಯಾಮ ಇರಲಿ ಅಂದಿದ್ದರಲ್ಲ, ಆಫೀಸಿಗೆ ಹತ್ತಿರದ ದಾರಿ ಬಿಟ್ಟು ಸುತ್ತುದಾರಿಯಲ್ಲಿ ಸೈಕಲ್ ತುಳಿಯತೊಡಗಿದೆ! ನೋವು ಹೋಗುವುದಿರಲಿ, ಮೊಣಕಾಲು ಊದಿಕೊಂಡಿತು.

ಎರಡನೆಯ ಸಲ ಕ್ಲಿನಿಕ್ಕಿಗೆ ಸೈಕಲ್ಲಿನಲ್ಲೇ ಹೋದೆ. ಕೈಯಲ್ಲಿದ್ದ ಹೆಲ್ಮೆಟ್ ನೋಡಿ ಡಾಕ್ಟರ ಹುಬ್ಬು ಮೇಲೇರಿತು.

"ಬೈಕ್ ಓಡಿಸಲ್ಲ ಅಂದ್ರಲ್ಲ ಮೇಡಂ?"

"ಇದು ಸೈಕಲ್ ಸಾರ್."

"ನಾವು ಅದನ್ನೇ ಬೈಕ್ ಅನ್ನೋದು!"

ನಾವು ಅಂದರೆ ಯಾರಪ್ಪ ಅಂದರೆ, ಭಾನುವಾರ ಬೆಳಗಾಗುವ ಮುಂಚೆ ಮೈಗಂಟಿದ ಬಟ್ಟೆ ತೊಟ್ಟು ಆನೇಕಲ್ಲಿನವರೆಗೂ ಪೆಡಲ್ ತುಳಿದು, ಇಡ್ಲಿ ತಿಂದು ವಾಪಸು ಬರುವ ಪಂಗಡ. ಈ ಡಾಕ್ಟರೂ ಅದರಲ್ಲೊಬ್ಬರು. ಮೋಟರು ಇರುವುದಕ್ಕೆ ಬೈಕು, ಇಲ್ಲದ್ದಕ್ಕೆ ಸೈಕಲ್ಲು ಅಂತ ಹುಟ್ಟಿದಾಗಿನಿಂದ ನಂಬಿದ ನಾನು ಅವರ ಭಾಷೆ ಎಲ್ಲಿಂದ ಕಲಿಯಲಿ? ಒಂದೇ ಒಂದು ಪದ! ಅದಕ್ಕಾಗಿ ಅಷ್ಟು ದಿನ ನೋವು ತಿಂದೆ, ಆಲೂಗಡ್ಡೆ ಬಿಟ್ಟೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಡಾಕ್ಟರು ಕೆಳಗಿಳಿದು ಬಂದು ಸೀಟು ನೋಡಿದರು. "ಇದು ನಿಮ್ಮ ಮಗುವಿನ ಸೈಕಲ್ಲಾ?" ಅಂದರು. ಸೀಟು ತಗ್ಗಾದರೆ ಮೊಣಕಾಲು ಅತಿಯಾಗಿ ಮಡಚುತ್ತದೆ, ಪ್ರತಿ ತುಳಿತದ ಭಾರವೂ ಚಿಪ್ಪಿನ ಮೇಲೇ ಬೀಳುತ್ತದೆ ಅಂತ ವಿವರಿಸಿದರು. ಗೋಡೆ ಹಿಡಿಸಿ ನನ್ನನ್ನು ಸೈಕಲ್ ಮೇಲೆ ಕೂರಿಸಿದರು. ಪೆಡಲ್ ತೀರ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗುವಷ್ಟು ಸೀಟು ಏರಿಸಿದರು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಕೊಂಚವೇ ಮಡಚಿರುತ್ತದೆ. ಹಾಗಂತ ಇನ್ನೂ ಏರಿಸಬೇಡಿ, ಸೊಂಟ ಓಲಾಡುತ್ತೆ, ಮಂಡಿಯ ಹಿಂದೆ ನೋಯುತ್ತೆ ಅಂತಲೂ ಎಚ್ಚರಿಸಿದರು.

"ನಿಲ್ಲಿಸಿದಾಗ ಕಾಲು ನೆಲಕ್ಕೆ ಸಿಗಲ್ವಲ್ಲ ಸಾರ್?"

"ಸೀಟಿಂದ ಮುಂದಕ್ಕೆ ಇಳೀರಿ ಮೇಡಂ, ಒಂದು ಕಾಲು ಊರಿ. ಸೀಟ್ ಮೇಲೆ ಕೂತ್ಕೊಂಡೇ ನಿಲ್ಬೇಕು ಅಂತ ಯಾರು ಹೇಳಿದ್ದು?"

ಯಾರು ಹೇಳಿದ್ದು ಅಂತ ನಾನು ಹೇಳಲಿಲ್ಲ. ಮನೆಯ ಮರ್ಯಾದೆ.

ಕೆಲವು ದಿನಗಳಲ್ಲಿ ಊತ ಇಳಿಯಿತು. ಪೂಜೆಗೆ ಮತ್ತೆ ಮಣೆ ಬಂತು, ಹುಳಿಗೆ ಆಲೂಗಡ್ಡೆ ಬಂತು. ಆದರೆ ಒಂದು ಸೋಮವಾರ ಸೈಕಲ್ ಹತ್ತುತ್ತೇನೆ, ಮೊಣಕಾಲು ಮತ್ತೆ ಗದ್ದದ ಹತ್ತಿರ! ಸೀಟು ಪೂರ್ತಿ ಕೆಳಗೆ ಕೂತಿದೆ. ಹಿಂದಿನ ದಿನ ಯಜಮಾನರು ಸೈಕಲ್ ಒರೆಸಿದ್ದರು.

"ನೀವು ಇಳಿಸಿದ್ರಾ?"

"ಹೂಂ ಮತ್ತೆ. ಕಾಲು ನೆಲಕ್ಕೆ ಸಿಗ್ತಿರ್ಲಿಲ್ಲ ನೋಡು, ಅದಕ್ಕೆ..."

"ನೆಲ ಮುಟ್ಟೋಕೆ ಸೈಕಲ್ ಯಾಕ್ರೀ ಬೇಕು? ನಡ್ಕೊಂಡೇ ಹೋಗ್ತಿದ್ದೆ!"

ಅವರ ಮುಖ ಸಣ್ಣದಾಯಿತು. "ಲಾರಿ ಓಡಾಡೋ ರಸ್ತೆ. ನೀನು ಮನೆಗೆ ಬಂದೆ ಅಂತ ಮೆಸೇಜ್ ಬರೋವರೆಗೂ ನಂಗೆ ಕೆಲಸದ ಮೇಲೆ ಮನಸ್ಸೇ ನಿಲ್ಲಲ್ಲ," ಅಂದರು. ಇಷ್ಟು ವರ್ಷದಲ್ಲಿ ಈ ಮನುಷ್ಯ ಪಟ್ಟಿ ಅಂಟಿಸದೆ ಬಾಯಿಂದ ಹೇಳಿದ್ದು ಅದೊಂದೇ. ನನ್ನ ಸಿಟ್ಟು ಅರ್ಧ ಇಳಿಯಿತು, ಸೀಟು ಮಾತ್ರ ಪೂರ್ತಿ ಏರಿತು. ಸೀಟಿನ ಪೈಪಿನ ಮೇಲೆ ಕೆಂಪು ನೇಲ್ ಪಾಲಿಶ್‌ನಲ್ಲಿ ಗೆರೆ ಎಳೆದು, ಇದರಿಂದ ಒಂದು ಕೂದಲೆಳೆ ಇಳಿದರೂ ನಾನು ಸುಮ್ಮನಿರುವವಳಲ್ಲ ಅಂದೆ.

ಮರುದಿನ ಆ ಗೆರೆಯ ಸುತ್ತ ಹಳದಿ ಕಪ್ಪು ಪಟ್ಟಿ ಅಂಟಿಕೊಂಡಿತ್ತು. ಅಂದು ಸಂಜೆ ಸಿಗ್ನಲ್ಲಿನಲ್ಲಿ ಸೀಟಿನಿಂದ ಮುಂದಕ್ಕೆ ಇಳಿದು ಒಂದು ಕಾಲೂರಿ ನಿಂತಿದ್ದಾಗ ಫೋನು ಬಂತು.

"ಕಾಲು ಸಿಕ್ತಾ?"

"ಒಂದು ಸಿಕ್ತು ರೀ, ಸಾಕು. ನೀವೆಲ್ಲಿದ್ದೀರಿ?"

"ಕ್ಯಾಬಲ್ಲಿ. ಹೊರಟು ಎಷ್ಟೊತ್ತಾಯ್ತು, ಇನ್ನೂ ಫ್ಯಾಕ್ಟರಿ ಗೇಟ್ ಮುಂದೇನೇ ಇದೀನಿ," ಅಂದರು. ಹಸಿರು ಬಿತ್ತು, ಚಹಾಕ್ಕೆ ನಿಮಗಾಗಿ ಕಾಯುವುದಿಲ್ಲ ಅಂತ ಹೇಳಿ ಫೋನಿಟ್ಟೆ.