ಅಸರ್ ಇಲ್ಲದ ಬಾಲವಾಡಿ

ಎಪ್ಪತ್ತರ ದಶಕದಲ್ಲಿ ಹುಮನಾಬಾದಿನ ಒಂದು ಸಮಾಜ ಸೇವಾ ಸಂಘದಲ್ಲಿ ನಾನು ವರದಿ ಬರೆಯುವವನಾಗಿದ್ದೆ. ಸೇವೆಯನ್ನು ಬೇರೆಯವರು ಮಾಡುತ್ತಿದ್ದರು. ಅದು ನಡೆದಿದೆ ಎಂದು ಬೆಂಗಳೂರನ್ನು ನಂಬಿಸುವ ಘನಕಾರ್ಯ ನನ್ನದು. ಅನುದಾನ ಬೆಳೆಯಬೇಕಾದರೆ ಭಾಷೆ ಬೆಳೆಯಬೇಕೆಂದು ಕಾರ್ಯದರ್ಶಿಗಳ ಅಪ್ಪಣೆ. ಹೀಗಾಗಿ ಮಕ್ಕಳು ಅಂಬಲಿ ಕುಡಿದರೆಂದು ನಾನು ಎಂದೂ ಬರೆಯಲಿಲ್ಲ. ಪೌಷ್ಟಿಕ ಆಹಾರವನ್ನು ಸ್ವೀಕರಿಸಿದರು ಎಂದೇ ಬರೆದೆ.

ಸಂಘದ ಬಾಲವಾಡಿ ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯಲ್ಲಿತ್ತು. ಕೂಲಿಗೆ ಹೋಗುವ ತಾಯಂದಿರು ಅಲ್ಲಿ ಕೂಸುಗಳನ್ನು ಬಿಟ್ಟು ಹೋಗುತ್ತಿದ್ದರು. ಬಾಡಿಗೆಯಿಲ್ಲದೆ ಸಿಕ್ಕ ಮನೆ. ದೆವ್ವವಿದೆಯೆಂದು ಯಾರೂ ಹೊಸ್ತಿಲು ತುಳಿಯದ್ದರಿಂದಲೇ ಸಿಕ್ಕಿತ್ತು. ಬಾಲವಾಡಿ ನಡೆಸುತ್ತಿದ್ದ ಅಕ್ಕ ಅದೇ ಊರಿನ ವಿಧವೆ. ಆಕೆ ಒಂದು ಮಳೆಗಾಲ ಪೂರ್ತಿ ಅಲ್ಲಿ ಒಬ್ಬಳೇ ಇದ್ದು, ತನಗೇನೂ ಆಗಿಲ್ಲವೆಂದು ತೋರಿಸಿದ ಮೇಲೆಯೇ ಮೊದಲ ಕೂಸು ಬಂದದ್ದು.

ಅನುದಾನ ಮುಂದುವರಿಸಬೇಕೋ ನಿಲ್ಲಿಸಬೇಕೋ ನೋಡಲು ಬೆಂಗಳೂರಿನಿಂದ ಒಬ್ಬ ಸಾಹೇಬರು ದಯಮಾಡಿಸಿದರು. ಕೆಲಸ ನಡೆದಿದೆಯೇ ಎಂಬ ಸಣ್ಣ ಪ್ರಶ್ನೆ ಅವರದಲ್ಲ. ತಾಯಂದಿರನ್ನು ಕೂಡಿಸಿ ಕೇಳಿದರು: "ಬಾಲವಾಡಿಯಿಂದ ನಿಮ್ಮ ಮೇಲೆ ಯಾವ ಪರಿಣಾಮ ಉಂಟಾಗಿದೆ?"

ಪರಿಣಾಮ ಎಂಬ ಮಾತೇ ಯಾರಿಗೂ ತಿಳಿಯಲಿಲ್ಲ. ನಿಜಾಮನ ಕಾಲದಲ್ಲಿ ಉರ್ದು ಕಲಿತಿದ್ದ ನಮ್ಮ ಕಾರ್ಯದರ್ಶಿಗಳು ನೆರವಿಗೆ ಧಾವಿಸಿದರು.

"ಅಂದ್ರ ಅಸರ್. ಈ ಮನಿಯಿಂದ ನಿಮ್ಮ ಮ್ಯಾಲ, ಹುಡುಗರ ಮ್ಯಾಲ ಏನರ ಅಸರ್ ಆಗ್ಯಾದೇನು?"

ಪುಸ್ತಕದಲ್ಲಿ ಅಸರ್ ಎಂದರೆ ಪರಿಣಾಮವೇ. ಆದರೆ ನಮ್ಮ ಊರುಗಳಲ್ಲಿ ಅಸರ್ ಆಯಿತೆಂದರೆ ದೆವ್ವ ಸೋಕಿತು ಎಂದರ್ಥ. ಹಳೆಯ ಸುದ್ದಿ ಕೇಳಿ ಸಾಹೇಬರು ಬಾಲವಾಡಿ ಮುಚ್ಚಲು ಬಂದಿದ್ದಾರೆಂದು ತಾಯಂದಿರು ತಿಳಿದರು.

"ಯಾವ ಅಸರೂ ಇಲ್ರೀ ಸಾಹೇಬ್ರ," ಎಂದಳು ಒಬ್ಬಳು.

"ಯಾರ್ ಹೇಳ್ಯಾರ್ರಿ ನಿಮಗ? ಅವರ ಬಾಯಾಗ ಹುಳ ಬೀಳ್ಲಿ," ಎಂದಳು ಇನ್ನೊಬ್ಬಳು.

ಒಬ್ಬ ಮುದುಕಿಗೆ ಸತ್ಯದ ಚಟ. "ನಮ್ಮ ಸೊಸಿಗಿ ಒಮ್ಮಿ ಆಗಿತ್ರೀ, ಸುಳ್ಳ್ಯಾಕ ಹೇಳ್ಲಿ. ಅದು ಬಾವಿ ಕಡಿಂದು. ದರ್ಗಾಕ್ಕ ಒಯ್ದು ಇಳಿಸ್ಕೊಂಡು ಬಂದೀವಿ. ಈಗ ಏನೂ ಉಳದಿಲ್ಲ."

ಸಾಹೇಬರು ಶ್ರದ್ಧೆಯಿಂದ ಬರೆದುಕೊಂಡರು: ಒಬ್ಬರಿಗೆ ಮಾತ್ರ ಪರಿಣಾಮ, ಅದೂ ಉಳಿದಿಲ್ಲ. ಹಿಂದೆ ಕೂಸನ್ನು ಎತ್ತಿಕೊಂಡು ನಿಂತಿದ್ದ ಅಕ್ಕನ ಮುಖ ಅರಳಿತ್ತು. ಊರಿಗೆ ಊರೇ ತನ್ನ ಪರ ನಿಂತಿದೆಯಲ್ಲ.

"ಸಾರ್, ಅವರು ಹೇಳುತ್ತಿರುವುದು ದೆವ್ವದ ವಿಷಯ," ಎಂದೆ.

"ನಮ್ಮ ಅಧ್ಯಯನದಲ್ಲಿ ದೆವ್ವ ಬರುವುದಿಲ್ಲ," ಎಂದರು.

ಇನ್ನೊಮ್ಮೆ ಬೇರೆ ಮಾತಿನಲ್ಲಿ ಕೇಳಿಸಿರೆಂದು ಕಾರ್ಯದರ್ಶಿಗಳಿಗೆ ಪಿಸುಗುಟ್ಟಿದೆ. ಅವರಿಗೆ ಅವಮಾನವಾಯಿತು. "ಅಸರ್ ಅಂದ್ರ ಅಸರ್. ನನಗ ಉರ್ದು ಕಲಸಾಕತ್ತಿಯೇನು?" ಜೀಪು ಹೊರಟಿತು.

ಅನುದಾನ ನಿಂತಿತು. ತಾಯಂದಿರ ಸ್ವಂತ ಹೇಳಿಕೆಯೇ ಆಧಾರವಾದ್ದರಿಂದ ಅಪೀಲಿಗೂ ದಾರಿಯಿರಲಿಲ್ಲ. ಮನೆಯ ಕೀಲಿಕೈ ತರಲು ಸಂಘ ನನ್ನನ್ನೇ ಕಳಿಸಿತು.

"ಅಸರ್ ಇಲ್ಲಂತ ಎಲ್ಲಾರೂ ಹೇಳ್ಯಾರಲ್ರಿ ಅಣ್ಣಾರ," ಎಂದಳು ಅಕ್ಕ. "ಇಲ್ಲಂದ ಮ್ಯಾಲ ಬಾಗಲಾ ಯಾಕ ಹಾಕ್ಬೇಕು?"

ಸಾಹೇಬರು ಕೇಳಿದ ಅಸರ್ ಬೇರೆ ಎಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು.

"ಹಂಗಾರ ಅಸರ್ ಅದ ಅಂತ ಹೇಳ್ಬೇಕಿತ್ತೇನ್ರಿ?"

"ಹೌದವ್ವ."

"ಅದ ಅಂದಿದ್ರ ಮರುದಿನ ಹುಡುಗರ್ನ ಯಾರ್ ಕಳಸ್ತಿದ್ರು?"

ಕೀಲಿಕೈಯನ್ನು ನನ್ನ ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲಿಟ್ಟು ಹೋದಳು.

ಮುಂದಿನ ಸುಗ್ಗಿಗೆ ಕೂಸುಗಳು ಹೊಲದ ಬದುವಿನಲ್ಲಿ, ಹಳೆ ಸೀರೆಯ ಜೋಲಿಗಳಲ್ಲಿದ್ದವು. ಬೀಗ ಬಿದ್ದ ಮನೆಗೆ ಮತ್ತೆ ಅಸರ್ ಬಂದಿದೆಯೆಂದು ಊರು ಹೇಳತೊಡಗಿತು. ಅದನ್ನು ಬರೆದುಕೊಳ್ಳಲು ಬೆಂಗಳೂರಿನಿಂದ ಯಾರೂ ಬರಲಿಲ್ಲ.