ಆಂಟಿಯ ನಾಡಿ

ಡಾಟ್‌ಕಾಮ್ ಭರಾಟೆಯಲ್ಲಿ ಜೊತೆಯವರೆಲ್ಲ ಕೆಲಸಕ್ಕೆ ಸೇರುತ್ತಿದ್ದರೆ, ನಾನು ಡಿಗ್ರಿ ಮುಗಿಸಿಯೂ ಮೆಡಿಕಲ್ ಸೇರುವ ಆಸೆಗೆ ಮತ್ತೆ ಕಾಲೇಜಿಗೆ ಹೋಗಿ ಕೆಮಿಸ್ಟ್ರಿ ಓದುತ್ತಿದ್ದೆ. ನನ್ನ ಹಳೆಯ ಅಂಕಗಳಿಗೆ ಯಾವ ಮೆಡಿಕಲ್ ಕಾಲೇಜೂ ಸೀಟು ಕೊಡುವಂತಿರಲಿಲ್ಲ.

ಅಮೆರಿಕದಲ್ಲಿ ನಮ್ಮೂರಾದ ಸನ್ನಿವೇಲ್‌ನ ದೇವಸ್ಥಾನದಲ್ಲಿ ಪರಿಚಯದ ಆಂಟಿಯೊಬ್ಬರು, "ಮತ್ತೆ ಯಾಕೆ ಕಾಲೇಜು, ಸಪ್ಲಿಮೆಂಟರಿನಾ?" ಎಂದರು.

ಅಮ್ಮನಿಗೆ ಉರಿದುಹೋಯಿತು. "ಡಾಕ್ಟರ್ ಓದ್ತಿದಾಳೆ" ಎಂದುಬಿಟ್ಟಳು.

ಆಂಟಿ ತಕ್ಷಣ ಕೈ ಚಾಚಿದರು. "ಹಾಗಾದ್ರೆ ನೋಡಮ್ಮ, ಬೆಳಿಗ್ಗೆಯಿಂದ ಎದೆ ಹಿಡ್ಕೊಂಡ ಹಾಗಿದೆ."

ಅಮ್ಮನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆ. ಆಂಟಿಯ ಮಣಿಕಟ್ಟಿನ ಮೇಲೆ ಹೆಬ್ಬೆರಳಿಟ್ಟೆ. ನಾಡಿ ಹುಚ್ಚು ಹಿಡಿದಂತೆ ಹೊಡೆದುಕೊಳ್ಳುತ್ತಿತ್ತು. "ಈಗಲೇ ಆಸ್ಪತ್ರೆಗೆ ಹೋಗಿ ಆಂಟಿ" ಎಂದೆ.

ಆಸ್ಪತ್ರೆಯಲ್ಲಿ, ಬರೀ ಗ್ಯಾಸು, ನಾಡಿ ಸರಿಯಾಗಿದೆ ಎಂದು ಕಳಿಸಿದರು.

ಹೆಬ್ಬೆರಳಿಟ್ಟು ನೋಡಿದರೆ ನೋಡುವವರ ನಾಡಿಯೇ ಕೈಗೆ ಸಿಗುತ್ತದೆಂದು ನಾನು ಓದಿದ್ದು ಎಷ್ಟೋ ದಿನಗಳ ಮೇಲೆ.